ಬ್ಯಾಟರಿ ಬೇಗ ಖಾಲಿ: ಪ್ಲೇ ಸ್ಟೋರಿನ ಎಚ್ಚರಿಕೆ ಹೇಳುವುದೆಷ್ಟು, ಗಡಿಯ ರೇಂಜ್ ನುಂಗುವುದೆಷ್ಟು?

ಬ್ಯಾಟರಿಯನ್ನು ಜಾಸ್ತಿ ತಿನ್ನುವ ಆ್ಯಪ್‌ಗಳಿಗೆ ಪ್ಲೇ ಸ್ಟೋರಿನಲ್ಲೇ ಒಂದು ಎಚ್ಚರಿಕೆಯ ಸಾಲು ಹಾಕುತ್ತೇವೆ ಎಂದು ಗೂಗಲ್ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮಾರ್ಚ್ 1 ಎಂದು ದಿನವನ್ನೂ ಗೊತ್ತು ಮಾಡಿತು. ಸುದ್ದಿಯ ಜೊತೆಗೇ ಗೊಂದಲವೂ ಬಂತು. ಎಚ್ಚರಿಕೆ ಇರುವ ಆ್ಯಪ್ ಅಂದರೆ ವೈರಸ್ಸೇ? ಅದನ್ನು ತೆಗೆದುಹಾಕಿದರೆ ಸಂಜೆಯವರೆಗೆ ಚಾರ್ಜ್ ನಿಲ್ಲುತ್ತದೆಯೇ? ಫೋನ್ ಅಪ್‌ಡೇಟ್ ಮಾಡಿದ ಮೇಲೆ ಚಾರ್ಜ್ ಇಳಿಯುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಕಾಸರಗೋಡಿನ ಕನ್ನಡಿಗರಿಗೆ ಇದು ಸಣ್ಣ ವಿಷಯ ಅಲ್ಲ. ಓದು, ಕೆಲಸ, ಆಸ್ಪತ್ರೆ ಎಂದು ಮಂಗಳೂರಿಗೆ ಹೋಗಿ ಬರುವವರು ಇಲ್ಲಿ ತುಂಬ ಜನ. ರೈಲಿನ ಟಿಕೆಟ್, ಬ್ಯಾಂಕಿನ ಒಟಿಪಿ, ಅಂಗಡಿಗೆ ಕೊಡುವ ದುಡ್ಡು ಎಲ್ಲವೂ ಅದೇ ಫೋನಿನಲ್ಲಿ. ದೇರಳಕಟ್ಟೆಯ ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ಫೋನ್ ಆಫ್ ಆದರೆ ಖಾತೆಯಲ್ಲಿ ಹಣ ಇದ್ದೂ ಪ್ರಯೋಜನ ಇಲ್ಲ.

ಗೂಗಲ್‌ನ ಎಚ್ಚರಿಕೆ ಒಳ್ಳೆಯದೇ. ಆದರೆ ಚಾರ್ಜ್ ಇಳಿಯುವ ಹಲವು ಕಾರಣಗಳಲ್ಲಿ ಅದು ಅಳೆಯುವುದು ಒಂದನ್ನು ಮಾತ್ರ. ಗಡಿಯ ಊರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಬೇರೆಯೇ ಒಂದನ್ನು. ಅದು ರೇಂಜ್, ಅಂದರೆ ಫೋನಿಗೆ ಸಿಗುವ ಟವರಿನ ಸಿಗ್ನಲ್. ಅದಕ್ಕೆ ಯಾರೂ ಎಚ್ಚರಿಕೆ ಹಾಕಿಲ್ಲ. ಅದರ ಖರ್ಚನ್ನು ಮಾತ್ರ ಫೋನ್ ಹಿಡಿದವರೇ ಕೊಡುತ್ತಿದ್ದಾರೆ.

## ಗೂಗಲ್ ಅಳೆಯುತ್ತಿರುವುದು ಏನನ್ನು?

ಪರದೆ ಆರಿದ ಮೇಲೆ ಫೋನಿನ ಪ್ರೊಸೆಸರ್ ಮಲಗಬೇಕು. ಹಾಗೆ ಮಲಗುವುದರಿಂದಲೇ ರಾತ್ರಿಯಿಡೀ ಇಟ್ಟ ಫೋನಿನಲ್ಲಿ ಬೆಳಿಗ್ಗೆಯೂ ಚಾರ್ಜ್ ಉಳಿದಿರುತ್ತದೆ. ಆದರೆ ಕೆಲವು ಕೆಲಸಗಳು ನಡುವೆ ನಿಲ್ಲುವಂತಿಲ್ಲ. ಫೈಲ್ ಡೌನ್‌ಲೋಡ್ ಆಗುತ್ತಿರಬಹುದು, ಹಾಡು ಓಡುತ್ತಿರಬಹುದು. ಅಂಥ ಹೊತ್ತಿಗೆ ಪ್ರೊಸೆಸರ್ ಮಲಗದಂತೆ ತಡೆಯುವ ಅನುಮತಿಯೊಂದನ್ನು ಆ್ಯಪ್ ಕೇಳಿ ಪಡೆಯುತ್ತದೆ. ಇದಕ್ಕೆ ವೇಕ್ ಲಾಕ್ ಎನ್ನುತ್ತಾರೆ. ಕೆಲಸ ಮುಗಿದ ಕೂಡಲೇ ಅದನ್ನು ಬಿಟ್ಟುಕೊಡಬೇಕು.

ಬಿಟ್ಟುಕೊಡದಿದ್ದರೆ ಏನಾಗುತ್ತದೆ? ಪರದೆ ಕಪ್ಪಾಗಿಯೇ ಇರುತ್ತದೆ, ಪ್ರೊಸೆಸರ್ ಎಚ್ಚರವಾಗಿಯೇ ಇರುತ್ತದೆ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಚಾರ್ಜ್ ಇಳಿದಿರುತ್ತದೆ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ವ್ಯವಸ್ಥೆ ಸೇರಿತು. ಅಲುಗಾಡದೆ ಬಿದ್ದಿರುವ ಫೋನಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ಅದು ತಡೆಹಿಡಿಯುತ್ತದೆ. 2018ರ ಆಂಡ್ರಾಯ್ಡ್ 9, ಅಪರೂಪಕ್ಕೆ ತೆರೆಯುವ ಆ್ಯಪ್‌ಗಳಿಗೆ ಇನ್ನಷ್ಟು ಕಡಿವಾಣ ಹಾಕಿತು. ಆದರೂ ಸಮಸ್ಯೆ ಪೂರ್ತಿ ಹೋಗಲಿಲ್ಲ. ಅದಕ್ಕಾಗಿಯೇ ಈಗ ಗೂಗಲ್, ಸ್ಯಾಮ್ಸಂಗ್ ಜೊತೆ ಸೇರಿ ಹೊಸ ಅಳತೆಯೊಂದನ್ನು ತಂದಿದೆ. 24 ಗಂಟೆಯಲ್ಲಿ, ಪರದೆ ಆರಿದ್ದಾಗ, ಒಟ್ಟು 2 ಗಂಟೆಗಿಂತ ಹೆಚ್ಚು ಹೊತ್ತು ವೇಕ್ ಲಾಕ್ ಹಿಡಿದರೆ ಅದು ಅತಿಯಾದ ಬಳಕೆ. 28 ದಿನಗಳ ಲೆಕ್ಕದಲ್ಲಿ ಶೇ. 5ಕ್ಕಿಂತ ಹೆಚ್ಚು ಬಳಕೆ ಹೀಗೇ ಇದ್ದರೆ ಆ ಆ್ಯಪ್ ಎಚ್ಚರಿಕೆಗೆ ಗುರಿಯಾಗಬಹುದು. ಪ್ಲೇ ಸ್ಟೋರಿನ ಶಿಫಾರಸು ಪಟ್ಟಿಗಳಿಂದಲೂ ಅದನ್ನು ದೂರ ಇಡಬಹುದು. ಹಾಡು ಕೇಳಿಸುವುದು, ಬಳಕೆದಾರರೇ ಶುರು ಮಾಡಿದ ಡೌನ್‌ಲೋಡ್ ಮುಂತಾದವಕ್ಕೆ ವಿನಾಯಿತಿ ಇದೆ.

ಅಂದರೆ ಎಚ್ಚರಿಕೆ ಇದ್ದ ಮಾತ್ರಕ್ಕೆ ಆ್ಯಪ್ ವೈರಸ್ ಅಲ್ಲ, ಕಳ್ಳ ಆ್ಯಪ್ ಅಲ್ಲ. ಸರಿಯಾಗಿ ಬರೆಯದ ಆ್ಯಪ್ ಇರಬಹುದು, ಅಷ್ಟೇ. ಇನ್ನೊಂದು ಮಾತನ್ನೂ ಗಮನಿಸಬೇಕು. ಈ ಅಳತೆ ಇರುವುದು ಪರದೆ ಆರಿದ್ದಾಗಿನ ಬಳಕೆಗೆ ಮಾತ್ರ. ಪರದೆ ಹೊತ್ತಿಸಿಕೊಂಡು ಎರಡು ಗಂಟೆ ರೀಲ್ಸ್ ನೋಡಿದರೆ, ಗೇಮ್ ಆಡಿದರೆ, ಬ್ಯಾಟರಿ ಎಷ್ಟೇ ಇಳಿದರೂ ಆ ಆ್ಯಪ್‌ಗೆ ಎಚ್ಚರಿಕೆ ಬರುವುದಿಲ್ಲ. ಎಚ್ಚರಿಕೆ ಇಲ್ಲ ಎಂದರೆ ಚಾರ್ಜ್ ತಿನ್ನುವುದಿಲ್ಲ ಎಂದು ಅರ್ಥ ಮಾಡಿಕೊಳ್ಳುವ ಹಾಗಿಲ್ಲ.

## ಯಾರ ವಾದ ಏನು?

ಗೂಗಲ್‌ನ ವಾದ ಸರಳ: ಜನರಿಗೆ ಕಾಣದ ಖರ್ಚು ಕಾಣುವಂತಾಗಬೇಕು. ಹೆಸರು ಕೆಡುತ್ತದೆ ಎಂಬ ಭಯ ಬಂದರೆ ಆ್ಯಪ್ ಮಾಡುವವರು ತಾವಾಗಿ ಸರಿಪಡಿಸುತ್ತಾರೆ.

ಆ್ಯಪ್ ಮಾಡುವವರಿಗೆ ಬೇರೆ ಚಿಂತೆ. ನಿದ್ದೆ, ಹೃದಯದ ಬಡಿತ ಅಳೆಯುವ ಆ್ಯಪ್‌ಗಳಿವೆ. ವಾಹನ ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗಳಿವೆ. ಅವುಗಳಿಗೆ ಹಿನ್ನೆಲೆಯ ಕೆಲಸ ನಿಜಕ್ಕೂ ಬೇಕು. ದೊಡ್ಡ ಕಂಪನಿಗಳಲ್ಲಿ ಎಂಜಿನಿಯರುಗಳ ತಂಡವೇ ಇರುತ್ತದೆ, ಕೂಡಲೇ ಸರಿಪಡಿಸಿಕೊಳ್ಳುತ್ತಾರೆ. ಇಬ್ಬರು ಮೂವರು ಸೇರಿ ಮಾಡಿದ ಸಣ್ಣ ಆ್ಯಪ್‌ಗೆ ಅದು ಸುಲಭ ಅಲ್ಲ.

ಮೂರನೆಯವರು ಫೋನ್ ಮಾಡುವ ಕಂಪನಿಗಳು. ಕೆಲವು ಕಂಪನಿಗಳ ಫೋನುಗಳು ಚಾರ್ಜ್ ಉಳಿಸುವ ಹೆಸರಿನಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಕೇಳದೆ ನಿಲ್ಲಿಸಿಬಿಡುತ್ತವೆ. ಆಗ ಮೆಸೇಜ್ ತಡವಾಗಿ ಬರುತ್ತದೆ. ಮಾತ್ರೆ ತೆಗೆದುಕೊಳ್ಳಲು ನೆನಪಿಸುವ ಆ್ಯಪ್ ಸುಮ್ಮನಿರುತ್ತದೆ. ವಯಸ್ಸಾದವರ ಫೋನಿನಲ್ಲಿ ಇದು ತೊಂದರೆಯ ಸಂಗತಿ. ಅಂಥ ಒಂದೆರಡು ಆ್ಯಪ್‌ಗಳಿಗೆ ಬ್ಯಾಟರಿ ಸೆಟ್ಟಿಂಗಿನಲ್ಲಿ ನಿರ್ಬಂಧ ತೆಗೆದು ಬಿಡುವುದೇ ಒಳ್ಳೆಯದು, ಸ್ವಲ್ಪ ಚಾರ್ಜ್ ಹೋದರೂ ಪರವಾಗಿಲ್ಲ.

ಇಷ್ಟೆಲ್ಲ ವಾದ ನಡೆಯುತ್ತಿರುವುದು ಆ್ಯಪ್‌ಗಳ ಬಗ್ಗೆ ಮಾತ್ರ. ಫೋನಿನೊಳಗೆ ಇನ್ನೊಂದು ಭಾಗ ಇದೆ. ಟವರ್ ಜೊತೆ ಮಾತಾಡುವ ರೇಡಿಯೊ. ಅದರ ಖರ್ಚು ಆ್ಯಪ್ ಯಾವುದು ಎಂಬುದರ ಮೇಲೆ ಮಾತ್ರ ನಿಂತಿಲ್ಲ. ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೂ ನಿಂತಿದೆ.

## ರೇಂಜ್ ಇಳಿದಷ್ಟೂ ಚಾರ್ಜ್ ಏಕೆ ಇಳಿಯುತ್ತದೆ?

ಹತ್ತಿರ ಕೂತವರ ಜೊತೆ ಮೆಲ್ಲ ಮಾತಾಡಿದರೆ ಸಾಕು. ಬೈಲಿನ ಆಚೆ ಬದಿಯ ತೋಟದಲ್ಲಿರುವವರನ್ನು ಕರೆಯಲು ಕೂಗಬೇಕು. ಫೋನೂ ಹಾಗೆಯೇ ಮಾಡುತ್ತದೆ.

ಟವರ್ ಹತ್ತಿರ ಇದ್ದರೆ ಫೋನ್ ಬಹಳ ಕಡಿಮೆ ಶಕ್ತಿಯಲ್ಲಿ ಸಂಕೇತ ಕಳಿಸುತ್ತದೆ. ದೂರ ಇದ್ದರೆ ಅಥವಾ ನಡುವೆ ಗುಡ್ಡ ಇದ್ದರೆ ಶಕ್ತಿ ಏರಿಸುತ್ತದೆ. ಸಾಮಾನ್ಯ 4ಜಿ ಫೋನ್ ಗರಿಷ್ಠ 200 ಮಿಲಿವ್ಯಾಟ್‌ನಷ್ಟು ಶಕ್ತಿಯಲ್ಲಿ ಸಂಕೇತ ಕಳಿಸಬಲ್ಲದು. ಕೇಳಲು ಇದು ಕಡಿಮೆ ಅನ್ನಿಸಬಹುದು. ಆದರೆ ಅದು ಆಂಟೆನಾದಿಂದ ಹೊರಗೆ ಹೋಗುವ ಶಕ್ತಿ. ಅಷ್ಟನ್ನು ಹೊರಗೆ ಕಳಿಸಲು ಬ್ಯಾಟರಿಯಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯಬೇಕಾಗುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ರೇಂಜ್ ಇಲ್ಲದ ಕಡೆ ಫೋನ್ ಬೆಚ್ಚಗಾಗುವುದಕ್ಕೆ ಇದೂ ಒಂದು ಕಾರಣ.

ಇದರ ಲೆಕ್ಕ ಸ್ವಲ್ಪ ವಿಚಿತ್ರ, ಆದರೆ ತಿಳಿದುಕೊಳ್ಳಲೇಬೇಕಾದದ್ದು. ಸಿಗ್ನಲನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರ, ಅಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಈ ಸಂಖ್ಯೆ ಸಿಗುತ್ತದೆ. ಅದು ಯಾವಾಗಲೂ ಮೈನಸ್‌ನಲ್ಲೇ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ರೇಂಜ್ ಚೆನ್ನಾಗಿದೆ. ಮೈನಸ್ 110 ದಾಟಿದರೆ ದುರ್ಬಲ. ಮೈನಸ್ 120ಕ್ಕೆ ಬಂದರೆ ಇದ್ದೂ ಇಲ್ಲದ ಹಾಗೆ. ಇಲ್ಲಿ 10ರ ವ್ಯತ್ಯಾಸ ಅಂದರೆ ಹತ್ತು ಪಟ್ಟು. 20ರ ವ್ಯತ್ಯಾಸ ಅಂದರೆ ನೂರು ಪಟ್ಟು. ಮೈನಸ್ 90 ಇರುವ ಜಾಗದಿಂದ ಮೈನಸ್ 110 ಇರುವ ಜಾಗಕ್ಕೆ ಹೋದರೆ, ಅದೇ ಸಂಕೇತ ಟವರ್ ತಲುಪಲು ನೂರು ಪಟ್ಟು ಶಕ್ತಿ ಬೇಕು. ಫೋನ್ ತನ್ನ ಗರಿಷ್ಠ ಮಿತಿಯವರೆಗೆ ಏರಿಸುತ್ತದೆ. ಅಲ್ಲಿಗೂ ಸಾಲದಿದ್ದರೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಒಂದು ಫೋಟೊ ಹೋಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಆ ಹೊತ್ತಿನುದ್ದಕ್ಕೂ ರೇಡಿಯೊ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುತ್ತದೆ.

ಕಾಸರಗೋಡಿನ ಭೂಮಿ ಹೇಗಿದೆ ಎಂದು ಯೋಚಿಸಿ. ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು. ಅಡಕೆ ತೋಟಗಳು ಇರುವುದು ನೀರಿರುವ ತಗ್ಗಿನಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರಿನ ಕಡೆಗೆ ಹೋದಂತೆ ಗುಡ್ಡ ಜಾಸ್ತಿ, ಮನೆಗಳು ದೂರ ದೂರ. ಪದವಿನ ಮೇಲೆ ಇದ್ದ ರೇಂಜ್ ತೋಟಕ್ಕೆ ಇಳಿದರೆ ಇರುವುದಿಲ್ಲ. ಮನೆ ಕಾಂಕ್ರೀಟಿನ ತಾರಸಿಯದಾದರೆ ಒಳಕೋಣೆಯಲ್ಲಿ ಇನ್ನಷ್ಟು ಕಡಿಮೆ. ಟವರ್ ಯಾವ ತರಂಗದಲ್ಲಿ ಕೆಲಸ ಮಾಡುತ್ತದೆ ಎಂಬುದೂ ಮುಖ್ಯ. 700, 850, 900 ಮೆಗಾಹರ್ಟ್ಸ್‌ನ ತರಂಗಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 5ಜಿಗೆ ಹೆಚ್ಚಾಗಿ ಬಳಸುವ 3,300 ಮೆಗಾಹರ್ಟ್ಸ್ ಮೇಲಿನ ತರಂಗಗಳಿಗೆ ಅಷ್ಟು ದೂರ ಹೋಗುವ, ಗೋಡೆ ದಾಟುವ ಗುಣ ಇಲ್ಲ. ಹಾಗಾಗಿ ಪೇಟೆಯಲ್ಲಿ ಚೆನ್ನಾಗಿ ಓಡುವ 5ಜಿ, ಊರಿನ ಅಂಚಿನಲ್ಲಿ ಬಂದು ಹೋಗಿ ಮಾಡುತ್ತದೆ. ಫೋನ್ ಒಮ್ಮೆ 5ಜಿಗೆ, ಒಮ್ಮೆ 4ಜಿಗೆ ಜಿಗಿಯುತ್ತಾ ಇರುತ್ತದೆ. ಪ್ರತಿ ಜಿಗಿತಕ್ಕೂ ಸ್ವಲ್ಪ ಚಾರ್ಜ್ ಹೋಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಸಂಕಟ. ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರಿಗೆ ಬ್ಯಾಟರಿ ಇರುತ್ತದೆ, ಆದರೆ ಅದು ಕೆಲವು ಗಂಟೆಗಳದ್ದು. ಅದೂ ಮುಗಿದರೆ ಹತ್ತಿರದ ಟವರ್ ನಿಲ್ಲುತ್ತದೆ. ಆಗ ಆ ಊರಿನ ಫೋನುಗಳೆಲ್ಲ ದೂರದ ಟವರನ್ನು ಹುಡುಕಲು ಶುರು ಮಾಡುತ್ತವೆ. ಚಾರ್ಜ್ ಮಾಡಲು ಕರೆಂಟ್ ಇಲ್ಲದ ಹೊತ್ತಿನಲ್ಲೇ ಚಾರ್ಜ್ ಅತಿ ಬೇಗ ಇಳಿಯುತ್ತದೆ. ಆಗ ಮಾಡಬೇಕಾದ ಕೆಲಸ ಒಂದೇ: ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಬೇಕಾದಾಗ ಮಾತ್ರ ತೆಗೆಯುವುದು. ಮನೆಯಲ್ಲಿ ರೋಗಿಗಳಿದ್ದರೆ ಒಂದು ಫೋನ್ ಮಾತ್ರ ಚಾಲೂ ಇಟ್ಟು ಉಳಿದವನ್ನು ಹಾಗೆ ಇಡಬಹುದು.

## ಎರಡು ಸಿಮ್, ಎರಡು ಸರ್ಕಲ್

ಮೊಬೈಲ್ ಸೇವೆಯ ಲೆಕ್ಕದಲ್ಲಿ ಕೇರಳ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ತಲಪಾಡಿಯಲ್ಲಿ ರಸ್ತೆ ದಾಟಿದಂತೆ ಫೋನೂ ಸರ್ಕಲ್ ದಾಟುತ್ತದೆ. ವರ್ಕಾಡಿ, ಪೈವಳಿಕೆ, ಎಣ್ಮಕಜೆ, ದೇಲಂಪಾಡಿಯಂಥ ಗಡಿ ಪಂಚಾಯತುಗಳಲ್ಲಿ ದಾಟಬೇಕೆಂದೇನೂ ಇಲ್ಲ. ಮನೆಯಲ್ಲಿ ಕೂತಲ್ಲೇ ಒಮ್ಮೆ ಈ ಕಡೆಯ ಟವರ್, ಒಮ್ಮೆ ಆ ಕಡೆಯ ಟವರ್ ಸಿಗಬಹುದು. ಬೇರೆ ಸರ್ಕಲ್ಲಿನ ಟವರ್ ಹಿಡಿದ ಸಿಮ್, ತನ್ನ ಸರ್ಕಲ್ಲಿನ ಟವರ್ ಮತ್ತೆ ಸಿಗುತ್ತದೆಯೇ ಎಂದು ಆಗಾಗ ಹುಡುಕುವಂತೆ ವ್ಯವಸ್ಥೆ ಇರುತ್ತದೆ. ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಕಂಪನಿ ಸಿಮ್ಮಿನಲ್ಲೇ ಬರೆದಿಟ್ಟಿರುತ್ತದೆ. ಗಡಿಯಿಂದ ದೂರದವರಿಗೆ ಈ ಹುಡುಕಾಟ ಪ್ರವಾಸ ಹೋದಾಗ ಮಾತ್ರ. ಗಡಿಯವರಿಗೆ ದಿನದ ಪಾಡು.

ಇದರ ಮೇಲೆ ಎರಡು ಸಿಮ್. ಒಂದು ಕೇರಳದ್ದು, ಆಧಾರ್, ರೇಷನ್, ಪಂಚಾಯತ್ ಕೆಲಸಕ್ಕೆ. ಇನ್ನೊಂದು ಕರ್ನಾಟಕದ್ದು, ಮಂಗಳೂರಿನ ಕಾಲೇಜು ಅಥವಾ ಬ್ಯಾಂಕಿನ ಕೆಲಸಕ್ಕೆ. ಎರಡು ಸಿಮ್ಮಿನ ಫೋನಿನಲ್ಲಿ ಎರಡೂ ತಮ್ಮ ತಮ್ಮ ನೆಟ್‌ವರ್ಕಿಗೆ ಬೇರೆ ಬೇರೆಯಾಗಿ ಹಾಜರಿ ಹಾಕುತ್ತಿರುತ್ತವೆ. ಒಂದಕ್ಕೆ ರೇಂಜ್ ಚೆನ್ನಾಗಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಮೇಲೆ ನಾಲ್ಕು ಕಡ್ಡಿ ಕಾಣುತ್ತಿದ್ದರೂ ಒಳಗೆ ಎರಡನೆಯ ಸಿಮ್ ಹುಡುಕಾಡುತ್ತಲೇ ಇರುತ್ತದೆ. ಈ ಖರ್ಚು ಯಾವ ಆ್ಯಪ್ ಹೆಸರಿನಲ್ಲೂ ಕಾಣುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಮನೆಯಲ್ಲಿದ್ದಾಗ ರೇಂಜ್ ಇಲ್ಲದ ಸಿಮ್ಮನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿ. ಸಿಮ್ ತೆಗೆಯಬೇಕಾಗಿಲ್ಲ. ಆ ನಂಬರಿಗೆ ಒಟಿಪಿ ಬರಬೇಕಿದ್ದರೆ ಆಗ ಮಾತ್ರ ಆನ್ ಮಾಡಿಕೊಳ್ಳಿ. 5ಜಿ ಬಂದು ಹೋಗಿ ಮಾಡುವ ಊರಾದರೆ 4ಜಿಯಲ್ಲೇ ನಿಲ್ಲಿಸಿ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ ಫ್ಲೈಟ್ ಮೋಡಿನಲ್ಲೂ ಕರೆ ಮಾಡಬಹುದು, ಕರೆ ಬರುತ್ತದೆ. ಸಿಮ್ ಕಂಪನಿಯೂ ಫೋನೂ ಇದಕ್ಕೆ ಒಪ್ಪಬೇಕು, ಅಷ್ಟೇ. ತಾರಸಿ ಮನೆಯ ಒಳಕೋಣೆಯಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

## ಹಾಗಾದರೆ ಟವರ್ ಬೇಕೇ ಬೇಡವೇ?

ಇದು ಸೂಕ್ಷ್ಮ ವಿಷಯ. ಟವರಿನ ವಿಕಿರಣದಿಂದ ಆರೋಗ್ಯ ಕೆಡುತ್ತದೆ ಎಂಬ ಹೆದರಿಕೆಯಿಂದ ಹಲವು ಕಡೆ ಜನ ಹೊಸ ಟವರನ್ನು ವಿರೋಧಿಸುತ್ತಾರೆ. ಹೆದರಿಕೆಯನ್ನು ತಳ್ಳಿಹಾಕಿ ಮಾತಾಡುವುದು ಸರಿಯಲ್ಲ, ಅವರಿಗೆ ಉತ್ತರ ಸಿಗಬೇಕು. ಭಾರತ ಸರಕಾರ 2012ರ ಸೆಪ್ಟೆಂಬರಿನಲ್ಲಿ ಟವರಿನ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಇನ್ನೊಂದು ಸಂಗತಿಯನ್ನೂ ಇದರ ಜೊತೆ ಇಟ್ಟು ನೋಡಬೇಕು. ಟವರ್ ದೂರ ಹೋದಷ್ಟೂ ಕಿವಿಗೆ ಹಿಡಿದ ಫೋನೇ ಜಾಸ್ತಿ ಶಕ್ತಿಯಲ್ಲಿ ಸಂಕೇತ ಕಳಿಸುತ್ತದೆ. ಟವರ್ ಇಲ್ಲದಿದ್ದರೆ ವಿಕಿರಣವೂ ಇಲ್ಲ ಎಂಬುದು ಪೂರ್ತಿ ನಿಜ ಅಲ್ಲ.

2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆ ಆಯಿತು. ಆಗ ಹೇಳಿದ ಲೆಕ್ಕ ಸುಮಾರು 97,500 ಟವರುಗಳದು. ದೊಡ್ಡ ಸಂಖ್ಯೆಯೇ. ಆದರೆ ಗಡಿಯ ಬೈಲಿನಲ್ಲಿರುವವರಿಗೆ ಒಟ್ಟು ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದೇ ಮುಖ್ಯ. ಅದನ್ನು ಈಗ ನೋಡಲು ಒಂದು ದಾರಿ ಇದೆ. ಮೊಬೈಲ್ ಕಂಪನಿಗಳನ್ನು ನಿಯಂತ್ರಿಸುವ ಸರಕಾರಿ ಸಂಸ್ಥೆ ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮದ ಪ್ರಕಾರ ಪ್ರತಿ ಕಂಪನಿಯೂ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಹೊಸ ಸಿಮ್ ತೆಗೆದುಕೊಳ್ಳುವ ಮೊದಲು ಅಥವಾ ಪೋರ್ಟ್ ಮಾಡುವ ಮೊದಲು ನಿಮ್ಮ ಮನೆ ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ನೋಡಿ.

## ಅಪ್‌ಡೇಟ್ ಮಾಡಿದ್ದೇ ತಪ್ಪಾಯಿತೇ?

ಅಪ್‌ಡೇಟ್ ಆದ ಎರಡು ಮೂರು ದಿನ ಚಾರ್ಜ್ ಬೇಗ ಇಳಿಯುವುದು ಸಹಜ. ಫೋನ್ ಒಳಗೊಳಗೆ ಫೋಟೊಗಳನ್ನು ಮತ್ತೆ ವಿಂಗಡಿಸುತ್ತದೆ, ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುತ್ತದೆ. 2025ರಲ್ಲಿ ಐಫೋನಿನ ಅಪ್‌ಡೇಟ್ ಐಒಎಸ್ 26 ಬಂದಾಗ ಆ್ಯಪಲ್ ಕಂಪನಿಯೇ ಈ ಮಾತನ್ನು ಹೇಳಿತ್ತು.

ಆದರೆ ಜನರ ಅನುಮಾನಕ್ಕೂ ಕಾರಣ ಇದೆ. ಹಳೆಯ ಬ್ಯಾಟರಿಯ ಐಫೋನುಗಳನ್ನು ಅಪ್‌ಡೇಟ್ ಮೂಲಕ ನಿಧಾನ ಮಾಡಿದ್ದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂದು ಹಾಗೆ ಮಾಡಿದೆವು ಎಂಬುದು ಅದರ ಸಮರ್ಥನೆ. ಗ್ರಾಹಕರಿಗೆ ಮೊದಲೇ ಹೇಳಲಿಲ್ಲ ಎಂಬುದು ತಪ್ಪು. 2020ರಲ್ಲಿ ಫ್ರಾನ್ಸ್ ಇದಕ್ಕಾಗಿ 2.5 ಕೋಟಿ ಯೂರೊ ದಂಡ ಹಾಕಿತು. 2025ರಲ್ಲಿ ಗೂಗಲ್ ಕೂಡ ಬ್ಯಾಟರಿ ಬಿಸಿಯಾಗುವ ಅಪಾಯ ತಪ್ಪಿಸಲು ತನ್ನ ಪಿಕ್ಸೆಲ್ 6ಎ ಫೋನಿಗೆ ಒಂದು ಕಡ್ಡಾಯ ಅಪ್‌ಡೇಟ್ ಕಳಿಸಿತು. ಅಪಾಯ ಇರುವ ಫೋನುಗಳಲ್ಲಿ 400 ಸಲ ಚಾರ್ಜ್ ಆದ ಮೇಲೆ ಬ್ಯಾಟರಿಯ ಸಾಮರ್ಥ್ಯವನ್ನೇ ಅದು ಕಡಿಮೆ ಮಾಡುತ್ತದೆ.

ಹಾಗಂತ ಅಪ್‌ಡೇಟ್ ಮಾಡದೆ ಬಿಡಬೇಡಿ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಭದ್ರತೆಯ ಅಪ್‌ಡೇಟ್ ಬೇಕೇ ಬೇಕು. ಒಂದು ವಾರ ಕಾದು ನೋಡಿ. ಆಮೇಲೂ ಸರಿಯಾಗದಿದ್ದರೆ ಕಾರಣ ಬೇರೆ ಇದೆ.

## ಬ್ಯಾಟರಿಗೇ ವಯಸ್ಸಾಗಿದ್ದರೆ

ಲಿಥಿಯಂ ಬ್ಯಾಟರಿ ದಿನ ಕಳೆದಂತೆ ಸವೆಯುತ್ತದೆ. ಎರಡು ಸಲ ಅರ್ಧರ್ಧ ಬಳಸಿ ಚಾರ್ಜ್ ಮಾಡಿದರೆ ಒಂದು ಸುತ್ತು ಎಂದು ಲೆಕ್ಕ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸುತ್ತು ಆದಾಗ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದವು. ಐಫೋನ್ 15ರಿಂದ ಅದು 1,000 ಸುತ್ತು.

ಈಗ ಹಿಂದಿನ ಮಾತನ್ನು ಇದಕ್ಕೆ ಜೋಡಿಸಿ ನೋಡಿ. ದಿನಕ್ಕೆ ಒಂದು ಸುತ್ತು ಆದರೆ 500 ಸುತ್ತು ಮುಗಿಯಲು ಒಂದೂವರೆ ವರ್ಷ ಹತ್ತಿರ ಬೇಕು. ರೇಂಜ್ ಇಲ್ಲದೆ ದಿನಕ್ಕೆ ಎರಡು ಸುತ್ತು ಚಾರ್ಜ್ ಮಾಡಬೇಕಾದರೆ ಎಂಟು ಒಂಬತ್ತು ತಿಂಗಳಿಗೇ ಮುಗಿಯಿತು. ಈ ಲೆಕ್ಕದಲ್ಲಿ ಒಳ್ಳೆಯ ರೇಂಜ್ ಇರುವ ಪೇಟೆಯವರ ಬ್ಯಾಟರಿ ಅದೇ ಮಾದರಿಯ ಫೋನಿನಲ್ಲಿ ಎರಡು ಪಟ್ಟು ಕಾಲ ಬಾಳುತ್ತದೆ. ಟವರ್ ಹಾಕದೆ ಉಳಿಸಿದ ಹಣ ಕಂಪನಿಗೆ, ಬೇಗ ಸವೆದ ಬ್ಯಾಟರಿಯ ಖರ್ಚು ಗ್ರಾಹಕರಿಗೆ. ಇದು ಅನ್ಯಾಯ ಅಲ್ವಾ?

ಬಿಸಿಯೂ ಬ್ಯಾಟರಿಯ ಶತ್ರು. 35 ಡಿಗ್ರಿ ದಾಟಿದ ವಾತಾವರಣದಲ್ಲಿ ಬಳಸಬೇಡಿ ಎಂದು ಆ್ಯಪಲ್ ಹೇಳುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನ್, ಜೀಪಿನ ಗಾಜಿನ ಹಿಂದೆ ಇಟ್ಟ ಫೋನ್ ಸುಲಭವಾಗಿ ಅದನ್ನು ದಾಟುತ್ತದೆ. ಅದರಲ್ಲೂ ಪೂರ್ತಿ ಚಾರ್ಜ್ ಆದ ಬ್ಯಾಟರಿ ಬಿಸಿಯಲ್ಲಿ ಇದ್ದರೆ ಬೇಗ ಹಾಳಾಗುತ್ತದೆ. ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿ ಇದ್ದರೆ ಮನೆಯಲ್ಲಿರುವ ದಿನಗಳಲ್ಲಿ ಬಳಸಿ. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬೇಕು ಎಂಬ ಮಾತು ಹಳೆಯ ನಿಕಲ್ ಬ್ಯಾಟರಿಗಳ ಕಾಲದ್ದು. ಈಗ ಅದರಿಂದ ಕೆಡುಕೇ ಜಾಸ್ತಿ.

ಶೇ. 40 ಇದ್ದದ್ದು ಏಕಾಏಕಿ 15ಕ್ಕೆ ಬಿದ್ದರೆ, ಶೇ. 20 ಇರುವಾಗಲೇ ಫೋನ್ ಆಫ್ ಆದರೆ, ಆ್ಯಪ್ ಹುಡುಕುತ್ತಾ ಕೂರಬೇಡಿ. ಬ್ಯಾಟರಿ ಸವೆದಿದೆ, ಬದಲಾಯಿಸಬೇಕು. ಬೆನ್ನು ಉಬ್ಬಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ. ತೆಗೆದ ಹಳೆಯ ಬ್ಯಾಟರಿಯನ್ನು ತೆಂಗಿನ ಬುಡಕ್ಕೋ ಕಸದ ಬೆಂಕಿಗೋ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ತಯಾರಿಸಿದವರದ್ದು.

## ನಿಮ್ಮ ಫೋನಿನಲ್ಲಿ ಯಾವ ಕಾರಣ?

ಮನೆಯಲ್ಲೇ ಪತ್ತೆ ಮಾಡಬಹುದು. ವೈಫೈ ಇದ್ದರೆ ಒಂದು ರಾತ್ರಿ ಎಂದಿನಂತೆ ಫೋನ್ ಇಡಿ, ಮಲಗುವಾಗ ಮತ್ತು ಎದ್ದಾಗ ಚಾರ್ಜ್ ಎಷ್ಟು ಎಂದು ಬರೆದಿಡಿ. ಮರುದಿನ ರಾತ್ರಿ ಫ್ಲೈಟ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಇಡಿ. ಎರಡನೇ ರಾತ್ರಿ ಚಾರ್ಜ್ ತುಂಬ ಕಡಿಮೆ ಇಳಿದರೆ ಕಾರಣ ರೇಂಜ್ ಇರಬಹುದು. ಎರಡೂ ರಾತ್ರಿ ಒಂದೇ ತರ ಇಳಿದರೆ ಆ್ಯಪ್ ಅಥವಾ ಬ್ಯಾಟರಿ. ಆಗ ಬ್ಯಾಟರಿ ಬಳಕೆಯ ಪುಟ ತೆರೆಯಿರಿ. ತೆರೆದೇ ಇಲ್ಲದ ಆ್ಯಪ್ ಮೇಲಿನ ಸಾಲಿನಲ್ಲಿದ್ದರೆ ಅದರ ಹಿನ್ನೆಲೆ ಬಳಕೆಗೆ ತಡೆ ಹಾಕಿ. ಅಂಥದ್ದೇನೂ ಇಲ್ಲದಿದ್ದರೆ ಬ್ಯಾಟರಿ ಪರೀಕ್ಷೆ ಮಾಡಿಸಿ.

ಆಗಾಗ ಎಲ್ಲ ಆ್ಯಪ್‌ಗಳನ್ನೂ ಸುಮ್ನೆ ಉಜ್ಜಿ ಮುಚ್ಚುವ ಅಭ್ಯಾಸದಿಂದ ಲಾಭ ಇಲ್ಲ. ಮತ್ತೆ ಮೊದಲಿನಿಂದ ತೆರೆಯಲು ಜಾಸ್ತಿ ಶಕ್ತಿ ಬೇಕು. ಡಾರ್ಕ್ ಮೋಡಿನ ಲಾಭ, ಕಪ್ಪು ಭಾಗದಲ್ಲಿ ಬೆಳಕೇ ಹೊತ್ತದ ಒಎಲ್‌ಇಡಿ ಪರದೆಗೆ ಮಾತ್ರ. ಅದೂ ಬಿಸಿಲಿನಲ್ಲಿ ಬೆಳಕು ಪೂರ್ತಿ ಏರಿಸಿದಾಗ ಮಾತ್ರ ದೊಡ್ಡದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಅಳೆದಾಗ, ಪೂರ್ತಿ ಬೆಳಕಿನಲ್ಲಿ ಶೇ. 39ರಿಂದ 47 ಉಳಿಯಿತು. ಮನೆಯೊಳಗಿನ ಸಾಮಾನ್ಯ ಬೆಳಕಿನಲ್ಲಿ ಉಳಿದದ್ದು ಶೇ. 3ರಿಂದ 9 ಮಾತ್ರ.

## ಕಾನೂನಿನ ಬಲ ಎಷ್ಟಿದೆ?

ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುವ ಫೋನುಗಳ ಬ್ಯಾಟರಿ 800 ಸುತ್ತಿನ ಮೇಲೂ ಶೇ. 80 ಸಾಮರ್ಥ್ಯ ಉಳಿಸಿಕೊಳ್ಳಬೇಕು. ಬಿಡಿಭಾಗ ವರ್ಷಗಟ್ಟಲೆ ಸಿಗಬೇಕು. ಭಾರತದಲ್ಲಿ ಬ್ಯಾಟರಿಯ ಸುರಕ್ಷತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಎಷ್ಟು ಕಾಲ ಬಾಳಬೇಕು ಎಂಬುದಕ್ಕೆ ಅಂಥ ಕಡ್ಡಾಯ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಫೋನ್ ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ಪದ್ಧತಿಯ ಬಗ್ಗೆ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅದು ನಿಯಮವಾಗಿ ಬಂದರೆ ಕೊಳ್ಳುವ ಮೊದಲೇ ಬ್ಯಾಟರಿ ಬದಲಿಸುವುದು ಎಷ್ಟು ಸುಲಭ ಎಂದು ಡಬ್ಬದ ಮೇಲೆ ಓದಬಹುದು. ಬೇಗ ಬರಬೇಕು.

ರೇಂಜಿನ ವಿಷಯದಲ್ಲಿ ದೂರು ಕೊಡುವ ದಾರಿ ಈಗಲೇ ಇದೆ. ಜನ ಬಳಸುವುದು ಕಡಿಮೆ. ಡಿಬಿಎಂ ಸಂಖ್ಯೆ ಕಾಣುವಂತೆ ಬೇರೆ ಬೇರೆ ಹೊತ್ತಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿಯ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಸೇವೆ ಇದೆ ಎಂದು ತೋರಿಸಿದ್ದರೆ ಅದರ ಚಿತ್ರವನ್ನೂ ಇಡಿ. ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ಸಮಾಧಾನ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಒಂದೇ ಊರಿನ ಹಲವರು ಸೇರಿ ಬರೆದರೆ ತೂಕ ಜಾಸ್ತಿ. ಪಂಚಾಯತ್ ಸದಸ್ಯರನ್ನೂ ಜೊತೆಗೆ ಕರೆದುಕೊಳ್ಳಿ. ಫೋನಿನ ಅಥವಾ ಬ್ಯಾಟರಿಯ ದೋಷ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಲ್ಲಿಗೂ ಆಗದಿದ್ದರೆ ಗ್ರಾಹಕ ಆಯೋಗ. ಮೊಬೈಲ್ ಸೇವೆಯ ದೂರುಗಳೂ ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಗಡಿಯವರಿಗೆ ಇನ್ನೊಂದು ಅನುಕೂಲ ಕೊಟ್ಟಿದೆ: ದೂರು ಕೊಡುವವರು ತಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಫೋನನ್ನು ಮಂಗಳೂರಿನ ಅಂಗಡಿಯಲ್ಲಿ ಕೊಂಡಿದ್ದರೂ, ಸಿಮ್ ಕರ್ನಾಟಕದ್ದೇ ಆಗಿದ್ದರೂ, ಕುಂಬಳೆಯಲ್ಲಿ ಮನೆ ಇರುವವರ ದೂರನ್ನು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ತೆಗೆದುಕೊಳ್ಳಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೂ ಕೊಡಬಹುದು. ಬಿಲ್ಲು, ದೂರಿನ ನಂಬರ್, ಸ್ಕ್ರೀನ್‌ಶಾಟ್ ಮೂರನ್ನೂ ಜೊತೆಗಿಟ್ಟುಕೊಳ್ಳಿ.